ಲಹೈನಾದ ಆಲದ ಮರ ಮತ್ತು ತಾತ್ಕಾಲಿಕ ಸೂರು

ಶಾಂತಸಾಗರದ ನಡುವಿನ ಹವಾಯಿ ದ್ವೀಪಗಳಲ್ಲಿ ಮಾವಿ ಒಂದು. ಅಲ್ಲಿನ ಲಹೈನಾ ಪಟ್ಟಣದ ಚೌಕದಲ್ಲಿ ಆಲದ ಮರವೊಂದಿದೆ. 1873ರಲ್ಲಿ ನೆಟ್ಟಾಗ ಅದು ನಮ್ಮ ದೇಶದಿಂದ ಹೋದ ಎಂಟಡಿಯ ಗಿಡ. 2023ರ ಆಗಸ್ಟ್ 8ರಂದು ಕಾಡ್ಗಿಚ್ಚು ಊರನ್ನು ಸುಟ್ಟಾಗ ಈ ಮರವೂ ಬೆಂದಿತು. ಮರುತಿಂಗಳೇ ಅದರಲ್ಲಿ ಚಿಗುರು ಕಾಣಿಸಿತು. ಮನುಷ್ಯರ ಮನೆಗಳು ಹಾಗೆ ಚಿಗುರುವುದಿಲ್ಲ.

ಈ ಬೆಂಕಿಯ ಕಥೆ ಒಂದು ದಿನದ್ದಲ್ಲ. ಲಹೈನಾ ಒಂದು ಕಾಲಕ್ಕೆ ಹವಾಯಿ ಅರಸರ ರಾಜಧಾನಿ. ದೊಡ್ಡ ಕೊಳದ ನಡುವೆ ಅವರ ನಿವಾಸವಿತ್ತು. 1860ರಲ್ಲಿ ಸಕ್ಕರೆ ಕಾರ್ಖಾನೆ ಬಂತು. ಹಳ್ಳಗಳ ನೀರು ಕಬ್ಬಿನ ತೋಟಗಳಿಗೆ ಹರಿಯಿತು, ಕೊಳವನ್ನು ಮುಚ್ಚಲಾಯಿತು. 1999ರಲ್ಲಿ ಕಾರ್ಖಾನೆಯೂ ನಿಂತಿತು. ಪಾಳುಬಿದ್ದ ಹೊಲಗಳಲ್ಲಿ ಹೊರನಾಡಿನ ಹುಲ್ಲು ಬೆಳೆದು ಒಣಗಿತು. ಬಿರುಗಾಳಿಯ ದಿನ ಹರಿದುಬಿದ್ದ ವಿದ್ಯುತ್ ತಂತಿಯ ಕಿಡಿಗೆ ಅಷ್ಟೇ ಸಾಕಾಯಿತು. 102 ಮಂದಿ ಸತ್ತರು. 2,200ಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು.

ಬದುಕುಳಿದವರಲ್ಲಿ ಸುಮಾರು ಎಂಟು ಸಾವಿರ ಜನರನ್ನು ಪ್ರವಾಸಿಗರ ಹೋಟೆಲುಗಳಲ್ಲಿ ಇರಿಸಲಾಯಿತು. ಕೋಣೆಯೇನೋ ಸಿಕ್ಕಿತು, ಒಲೆ ಸಿಗಲಿಲ್ಲ. ಎಷ್ಟೋ ಕುಟುಂಬಗಳು ಒಂದು ಹೋಟೆಲಿನಿಂದ ಇನ್ನೊಂದಕ್ಕೆ ಗಂಟುಮೂಟೆ ಹೊತ್ತು ತಿರುಗಿದವು.

ಬಳಿಕ ಸರಕಾರ ಖಾಸಗಿ ಮನೆಗಳನ್ನು ಹೆಚ್ಚಿನ ಬಾಡಿಗೆಗೆ ಹಿಡಿಯಿತು. ಉದ್ದೇಶ ಒಳ್ಳೆಯದೇ. ಆದರೆ ಆ ಬಾಡಿಗೆಯ ಆಸೆಗೆ ಕೆಲವು ಮಾಲೀಕರು ಹಳೆಯ ಬಾಡಿಗೆದಾರರನ್ನೇ ಹೊರಹಾಕಿದರೆಂಬ ದೂರುಗಳು ಕೇಳಿಬಂದವು. ಬೆಂಕಿ ಮುಟ್ಟದ ಮನೆಯವರೂ ಬೆಂಕಿಯಿಂದಾಗಿ ಬೀದಿಗೆ ಬಂದಂತಾಯಿತು. ಇರುವ ಸೂರುಗಳನ್ನೇ ಕೈಬದಲಾಯಿಸಿದರೆ ನಿರಾಶ್ರಿತರ ಸಂಖ್ಯೆ ಕಡಿಮೆಯಾಗುವುದಿಲ್ಲ ಎಂಬ ಸರಳ ಲೆಕ್ಕವನ್ನು ನಾವು ಇಲ್ಲಿ ಗಮನಿಸಬೇಕು.

ಆದ್ದರಿಂದ ಹೊಸದಾಗಿ ಕಟ್ಟಲೇಬೇಕಿತ್ತು. ಊರಿನ ಮೇಲ್ಬದಿಯ ಇಳಿಜಾರಿನಲ್ಲಿ ಹವಾಯಿ ರಾಜ್ಯವು 'ಕಾ ಲಾಯಿ ಓಲಾ' ಹೆಸರಿನಲ್ಲಿ 450 ಮನೆಗಳ ಯೋಜನೆ ಕೈಗೊಂಡಿತು. ಪಕ್ಕದ 'ಕಿಲೋಹಾನಾ'ದಲ್ಲಿ ಕೇಂದ್ರ ಸರಕಾರದ ವಿಪತ್ತು ಪರಿಹಾರ ಸಂಸ್ಥೆಯ 167 ಮನೆಗಳು. ಕಾರ್ಖಾನೆಯಲ್ಲಿ ತಯಾರಾದ ಮನೆಗಳು ಹಡಗಿನಲ್ಲಿ ಬಂದವು. ಮನೆ ತಂದು ಇಳಿಸುವುದೊಂದೇ ಕೆಲಸವಲ್ಲ. ನೆಲ ಸಮ ಮಾಡಬೇಕು, ರಸ್ತೆ, ನೀರು, ವಿದ್ಯುತ್ತು, ಒಳಚರಂಡಿ ಎಲ್ಲವೂ ಆಗಬೇಕು. ಅಂದರೆ 'ತಾತ್ಕಾಲಿಕ' ಎಂದರೂ ಕಟ್ಟುವುದು ಒಂದು ಊರನ್ನೇ.

ಕಾ ಲಾಯಿ ಓಲಾದ ಮನೆಗಳು ಹೆಚ್ಚೆಂದರೆ ಐದು ವರ್ಷಗಳಿಗೆಂದು ಯೋಜಿಸಿದವು. ಶಾಶ್ವತ ಮನೆಗೆ ಅಷ್ಟು ಕಾಲ ಸಾಕೇ? ಈ ಪ್ರಶ್ನೆ ಸಣ್ಣದಲ್ಲ. ಆದರೂ ಇವುಗಳ ಬೆಲೆ ಬೇರೆಯೇ ಇದೆ. ಮಕ್ಕಳ ಶಾಲೆ, ದೊಡ್ಡವರ ದುಡಿಮೆ, ಹಿರಿಯರನ್ನು ಮಣ್ಣು ಮಾಡಿದ ಜಾಗ ಇಲ್ಲಿಂದ ದೂರವಿಲ್ಲ. ಸಂತ್ರಸ್ತರನ್ನು ದೂರದ ಊರುಗಳಿಗೆ ಚದುರಿಸಿಬಿಟ್ಟರೆ ಮುಂದೆ ಮನೆಗಳು ಎದ್ದರೂ ಊರು ಏಳುವುದಿಲ್ಲ. ನೀರನ್ನೂ ನೆಲವನ್ನೂ ಒಮ್ಮೆ ಕಳೆದುಕೊಂಡ ಜನ ಈಗ ನೆರೆಹೊರೆಯನ್ನೂ ಕಳೆದುಕೊಳ್ಳಬಾರದು. ಸೂರು ತಾತ್ಕಾಲಿಕವಾಗಿರಲಿ, ಅದು ತಮ್ಮ ಊರಿನಲ್ಲೇ ಇರಲಿ ಎಂದು ಅವರು ಕೇಳಿದ್ದರಲ್ಲಿ ಅತಿಯಾಸೆಯೇನೂ ನಮಗೆ ಕಾಣುವುದಿಲ್ಲ.