ತಂತ್ರಾಂಶಗಳಿಗೊಂದು ‘ಬಸ್’

ಹಳೆಯ ಗಣಕದ ಪೆಟ್ಟಿಗೆ ಬಿಚ್ಚಿದರೆ ಕಾರ್ಡುಗಳೆಲ್ಲ ಒಂದೇ ತಂತಿಸಾಲಿಗೆ ಸಿಕ್ಕಿಸಿರುವುದನ್ನು ನೀವು ಕಾಣುವಿರಿ. ಆ ಸಾಲಿನ ಹೆಸರು ‘ಬಸ್’. ರಸ್ತೆಯ ಬಸ್ಸಿನಂತೆ ಇದೂ ‘ಎಲ್ಲರಿಗಾಗಿ’ ಎಂಬರ್ಥದ ಲ್ಯಾಟಿನ್ ಪದ ‘ಆಮ್ನಿಬಸ್’ನಿಂದ ಬಂದದ್ದು.

ಒಂದು ಸಂಸ್ಥೆಯ 10 ತಂತ್ರಾಂಶಗಳನ್ನು ಒಂದಕ್ಕೊಂದು ನೇರವಾಗಿ ಜೋಡಿಸಲು 45 ಕೊಂಡಿಗಳು ಬೇಕು. ನಡುವೆ ಬಸ್ ಇದ್ದರೆ ಹತ್ತೇ ಸಾಕು. 1980ರ ದಶಕದಲ್ಲಿ, ಮುಂಬಯಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿವೇಕ್ ರಣದಿವೆಯವರ ಟೆಕ್ನೆಕ್ರಾನ್ ಸಂಸ್ಥೆ ಷೇರು ವ್ಯವಹಾರದ ಕೊಠಡಿಗಳಿಗಾಗಿ ‘ಇನ್ಫರ್ಮೇಷನ್ ಬಸ್’ ರೂಪಿಸಿತು. ಬೆಲೆ ಕಳುಹಿಸುವ ತಂತ್ರಾಂಶಕ್ಕೆ ಅದನ್ನು ಪಡೆಯುವವರು ಯಾರೆಂದು ತಿಳಿಯಬೇಕಿರಲಿಲ್ಲ. ವಿಷಯದ ಹೆಸರು ಹಚ್ಚಿ ಬಿಟ್ಟರಾಯಿತು, ಬೇಕಾದವರು ಎತ್ತಿಕೊಳ್ಳುತ್ತಿದ್ದರು. ಎಷ್ಟು ಸರಳ ನೋಡಿ!

2002ರ ಸುಮಾರಿಗೆ ‘ಎಂಟರ್‌ಪ್ರೈಸ್ ಸರ್ವಿಸ್ ಬಸ್’ ಎಂಬ ಹೆಸರು ಚಾಲ್ತಿಗೆ ಬಂತು. ಸಂದೇಶದ ರೂಪಾಂತರ, ದಾರಿಯ ಆಯ್ಕೆ, ಕೊನೆಗೆ ವ್ಯವಹಾರದ ನಿಯಮಗಳು ಕೂಡ ಬಸ್ಸಿನೊಳಗೇ ಸೇರಿಕೊಂಡವು. ಎಡವಿದ್ದು ಇಲ್ಲೇ ಎಂದು ನನ್ನ ಅಭಿಪ್ರಾಯ. ಯಾವುದೋ ಮೂಲೆಯ ತಂತ್ರಾಂಶ ಬದಲಾದರೂ ಬಸ್ಸನ್ನೇ ತಿದ್ದಬೇಕು. ಬಸ್ಸು ಕೆಟ್ಟರೆ ಎಲ್ಲವೂ ಸ್ತಬ್ಧ. 2014ರಲ್ಲಿ ಜೇಮ್ಸ್ ಲೂಯಿಸ್ ಮತ್ತು ಮಾರ್ಟಿನ್ ಫೌಲರ್ ‘ಮೈಕ್ರೋಸರ್ವಿಸ್’ ಕುರಿತ ಲೇಖನದಲ್ಲಿ, ಜಾಣತನ ತುದಿಗಳಲ್ಲಿರಲಿ, ನಡುವಿನ ಕೊಳವೆ ಪೆದ್ದಾಗಿಯೇ ಇರಲಿ ಎಂದು ವಾದಿಸಿದರು. ಪೆಟ್ಟಿಗೆಯೊಳಗಿನ ತಾಮ್ರದ ತಂತಿ ಮೊದಲಿನಿಂದಲೂ ಹಾಗೆಯೇ ಇತ್ತು.