ಸುಣ್ಣ ಸುಟ್ಟ ಕಣ್ಣಿಗೆ ಮರಳಿ ಬೆಳಕು

ಕಣ್ಣಿಗೆ ಪೊರೆ ಬರುವುದು ಬೇರೆ, ಕಣ್ಣಲ್ಲಿ ಹೂವು ಬೀಳುವುದು ಬೇರೆ ಎಂಬುದು ನಮ್ಮ ಹಳ್ಳಿಗಳ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಪೊರೆ ಬರುವುದು ಕಣ್ಣಿನೊಳಗಿನ ಮಸೂರಕ್ಕೆ. ಹೂವು ಬೀಳುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪಟಲಕ್ಕೆ, ಅಂದರೆ ಕಾರ್ನಿಯಾಕ್ಕೆ. ಪೊರೆಯನ್ನು ಸೂಜಿಯಿಂದ ಬದಿಗೆ ಸರಿಸುವ ವಿದ್ಯೆ ಸುಶ್ರುತ ಸಂಹಿತೆಯಷ್ಟು ಹಳೆಯದು. ಹೂವಿಗೆ ಮಾತ್ರ ಯಾರ ಬಳಿಯೂ ಮದ್ದಿರಲಿಲ್ಲ.

ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ಬೆಳಕು ಸರಾಗವಾಗಿ ಒಳಹೋಗುತ್ತಿರಲಿಲ್ಲ. ಮಸುಕಾದ ಕಿಟಕಿಗೆ ಬೇರೆ ಗಾಜು ಹಾಕುವಂತೆ ಇದನ್ನೂ ಬದಲಾಯಿಸಬಾರದೇಕೆ ಎಂಬ ಯೋಚನೆ 19ನೇ ಶತಮಾನದ ಆರಂಭದಲ್ಲೇ ಪಶ್ಚಿಮದ ವೈದ್ಯರಿಗೆ ಬಂದಿತ್ತು. ಐರ್ಲೆಂಡಿನ ಸ್ಯಾಮ್ಯುಯೆಲ್ ಬಿಗ್ಗರ್ ಈಜಿಪ್ಟಿನಲ್ಲಿ ಅರಬರ ಸೆರೆಯಾಳಾಗಿದ್ದಾಗ, ಸಾಕಿದ ಜಿಂಕೆಯೊಂದಕ್ಕೆ ಇನ್ನೊಂದು ಜಿಂಕೆಯ ಕಾರ್ನಿಯಾ ಕೂರಿಸಿದ್ದನ್ನು 1837ರಲ್ಲಿ ವರದಿ ಮಾಡಿದ. ಮರುವರ್ಷ ನ್ಯೂಯಾರ್ಕಿನಲ್ಲಿ ರಿಚರ್ಡ್ ಕಿಸ್ಸಮ್ ಹಂದಿಯ ಕಾರ್ನಿಯಾವನ್ನು ಮನುಷ್ಯನಿಗೆ ಹಾಕಿದ. ಕೆಲದಿನ ಬೆಳಕು ಕಂಡ ಆ ಕಣ್ಣು ಬಹುಬೇಗ ಮತ್ತೆ ಮಸುಕಾಯಿತು.

ಗೆಲುವು ದೊರೆತದ್ದು 1905ರ ಡಿಸೆಂಬರ್ 7ರಂದು, ಆಗ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದಲ್ಲಿದ್ದು ಈಗ ಜೆಕ್ ಗಣರಾಜ್ಯಕ್ಕೆ ಸೇರಿರುವ ಓಲೊಮೌಟ್ಸ್ ಪಟ್ಟಣದಲ್ಲಿ. ನೇತ್ರವೈದ್ಯ ಎಡ್ವರ್ಡ್ ಜಿರ್ಮ್ ಬಳಿ ಬಂದ ರೋಗಿ ಒಬ್ಬ ಕೂಲಿಕಾರ. ಸುಣ್ಣದ ಕೆಲಸ ಮಾಡುವಾಗ ಅವನ ಎರಡೂ ಕಣ್ಣು ಸುಟ್ಟುಹೋಗಿದ್ದವು. ಅದೇ ವೇಳೆಗೆ ಕಬ್ಬಿಣದ ಚೂರು ಹೊಕ್ಕು ಕಣ್ಣು ಕಳೆದುಕೊಂಡಿದ್ದ 11 ವರ್ಷದ ಹುಡುಗನೊಬ್ಬನ ಗುಡ್ಡೆಯನ್ನು ತೆಗೆಯಬೇಕಾಯಿತು. ಅದರ ಕಾರ್ನಿಯಾ ಮಾತ್ರ ತಿಳಿಯಾಗಿತ್ತು. ಜಿರ್ಮ್ ಅದರಿಂದಲೇ ಎರಡು ಬಿಲ್ಲೆ ಕತ್ತರಿಸಿ ಕೂಲಿಕಾರನ ಎರಡೂ ಕಣ್ಣಿಗೆ ಕೂರಿಸಿದ. ಒಂದು ಕೆಟ್ಟಿತು, ಇನ್ನೊಂದು ತಿಳಿಯಾಗಿ ಉಳಿಯಿತು. ಆ ಮನುಷ್ಯ ಮತ್ತೆ ಕೆಲಸಕ್ಕೆ ಹೋದ. ಮೂತ್ರಪಿಂಡದ ಮೊದಲ ಯಶಸ್ವಿ ಕಸಿ ನಡೆದದ್ದು ಇದಾಗಿ 49 ವರ್ಷಗಳ ನಂತರ ಎಂಬುದನ್ನು ನೆನೆದರೆ ಇದರ ಮಹತ್ವ ತಿಳಿದೀತು. ರಕ್ತನಾಳಗಳಿಲ್ಲದ ಕಾರಣ ದೇಹದ ಕಾವಲು ಪಡೆ ಕಾರ್ನಿಯಾವನ್ನು ಸುಲಭವಾಗಿ ತಲುಪುವುದಿಲ್ಲ. ಹಾಗಾಗಿ ಪರರ ಕಾರ್ನಿಯಾವನ್ನು ಕಣ್ಣು ಬೇರೆ ಅಂಗಗಳಷ್ಟು ಬೇಗ ತಿರಸ್ಕರಿಸದು.

ಆದರೆ ಬದುಕಿರುವವರ ಕಣ್ಣು ಎಷ್ಟು ಸಿಕ್ಕೀತು? ಒಡೆಸಾದ ವ್ಲಾದಿಮಿರ್ ಫಿಲಾತೊವ್ 1931ರಲ್ಲಿ ಮೃತರ ಕಾರ್ನಿಯಾವನ್ನು ಕಸಿ ಮಾಡಿ ತೋರಿಸಿದ ಮೇಲೆಯೇ ನೇತ್ರದಾನ ಎಂಬ ಮಾತಿಗೆ ಅರ್ಥ ಬಂದದ್ದು. ನ್ಯೂಯಾರ್ಕಿನಲ್ಲಿ 1944ರಲ್ಲಿ ನೇತ್ರ ಬ್ಯಾಂಕ್ ಹುಟ್ಟಿತು. ಮರುವರ್ಷವೇ ಮದರಾಸಿನಲ್ಲೂ ಆರಂಭವಾಯಿತು. ಅಲ್ಲಿ ಡಾ. ಆರ್.ಇ.ಎಸ್. ಮುತ್ತಯ್ಯ 1948ರಲ್ಲಿ ಕಾರ್ನಿಯಾ ಕಸಿ ಮಾಡಿದರು.

ಇಷ್ಟಾದರೂ ಸುಣ್ಣ ಸುಟ್ಟ ಕಣ್ಣುಗಳು ವೈದ್ಯರನ್ನು ಸೋಲಿಸುತ್ತಲೇ ಇದ್ದವು. ಒಳ್ಳೆಯ ಕಾರ್ನಿಯಾ ಕೂರಿಸಿದರೂ ಅದರ ಮೇಲೆ ರಕ್ತನಾಳಗಳು ಹಬ್ಬಿ ಮತ್ತೆ ಬೆಳ್ಳಗಾಗುತ್ತಿತ್ತು. ಕಾರಣ ಕಾರ್ನಿಯಾದಲ್ಲಿರಲಿಲ್ಲ, ಅದರ ಅಂಚಿನಲ್ಲಿತ್ತು. ಕಣ್ಣಿನ ಕಪ್ಪು ಬಿಳುಪು ಸೇರುವ ಗೆರೆಗುಂಟ ಇರುವ ಆಕರಕೋಶಗಳು ಕಾರ್ನಿಯಾದ ಹೊರ ಹೊದಿಕೆಯನ್ನು ಸದಾ ಹೊಸದಾಗಿ ಬೆಳೆಸುತ್ತಿರುತ್ತವೆ. ಸುಣ್ಣ ಸುಟ್ಟುಹಾಕುವುದು ಈ ಬೀಜದ ಕಣಜವನ್ನೇ. ಜಿರ್ಮ್‌ನ ರೋಗಿಯ ಒಂದು ಕಣ್ಣಿನಲ್ಲಾದರೂ ಈ ಅಂಚು ಅಷ್ಟಿಷ್ಟು ಉಳಿದಿರಬೇಕು.

ಇಟಲಿಯ ಗ್ರಾಝಿಯೆಲ್ಲಾ ಪೆಲ್ಲೆಗ್ರಿನಿ ಮತ್ತು ಮಿಕೆಲೆ ಡಿ ಲೂಕಾ ರೋಗಿಯ ಒಳ್ಳೆಯ ಕಣ್ಣಿನಿಂದಲೇ ಚೂರು ಆಕರಕೋಶ ತೆಗೆದು, ಪ್ರಯೋಗಾಲಯದಲ್ಲಿ ಹಾಳೆಯಂತೆ ಬೆಳೆಸಿ, ಸುಟ್ಟ ಕಣ್ಣಿಗೆ ಹೊದಿಸಿದ್ದನ್ನು 1997ರಲ್ಲಿ ಪ್ರಕಟಿಸಿದರು. ಈ ಚಿಕಿತ್ಸೆಗೆ 2015ರಲ್ಲಿ ಯುರೋಪಿನ ಮನ್ನಣೆ ದೊರೆಯಿತು. ಪ್ರಯೋಗಾಲಯ ಬೇಕೆಂದರೆ ಖರ್ಚೂ ದೊಡ್ಡದು. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ ಡಾ. ವೀರೇಂದರ್ ಸಾಂಗ್ವಾನ್ ತಂಡ 2012ರಲ್ಲಿ ಪ್ರಕಟಿಸಿದ ವಿಧಾನ ಆ ಖರ್ಚನ್ನೇ ತಪ್ಪಿಸಿತು. ಒಳ್ಳೆಯ ಕಣ್ಣಿನ ಅಂಚಿನಿಂದ ಒಂದು ಚೂರು ತೆಗೆದು, ಅದನ್ನು ಇನ್ನೂ ಸಣ್ಣದಾಗಿ ಕತ್ತರಿಸಿ, ಹೆರಿಗೆಯಲ್ಲಿ ಮಾಸಿನೊಂದಿಗೆ ಬರುವ ತೆಳುಪೊರೆಯ ಮೇಲೆ ಸಸಿ ನಾಟಿ ಮಾಡಿದಂತೆ ಸುಟ್ಟ ಕಣ್ಣಿನಲ್ಲಿ ಇಡುವುದು. ಕೋಶಗಳು ಬೆಳೆಯುವ ಮಡಿ ಕಣ್ಣೇ. ತಂಬಾಕಿನ ಜೊತೆಗೆ ಮಾರುವ ಸುಣ್ಣದ ಪೊಟ್ಟಣ ಮಕ್ಕಳ ಕೈಯಲ್ಲಿ ಒಡೆದು ಕಣ್ಣಿಗೆ ಸಿಡಿಯುವ ನಮ್ಮ ದೇಶದಲ್ಲಿ ಇದು ಸಣ್ಣ ಉಪಕಾರವಲ್ಲ. ಎರಡೂ ಕಣ್ಣು ಸುಟ್ಟವರಿಗೆ ಮಾತ್ರ ಬೀಜ ತೆಗೆಯಲು ಸ್ವಂತ ಕಣ್ಣಿರುವುದಿಲ್ಲ.

ಹಾಳಾದಷ್ಟನ್ನೇ ಬದಲಾಯಿಸುವ ಕ್ರಮ ಕಸಿಗೂ ಬಂತು. ಕಾರ್ನಿಯಾದ ಮುಂದಿನ ಪದರ ಕೆಟ್ಟವರಿಗೆ ಮುಂದಿನದು, ಹಿಂದಿನದು ಕೆಟ್ಟವರಿಗೆ ಹಿಂದಿನದು. ಕನ್ನಡಿಗರು ಇದನ್ನು ಕೇಳಿ ತಿಳಿದದ್ದು ದುಃಖದ ಹೊತ್ತಿನಲ್ಲಿ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಶಿವನಿಗೆ ಕಣ್ಣು ಕೊಟ್ಟ ಕಣ್ಣಪ್ಪನಾಗಿದ್ದ ರಾಜ್‌ಕುಮಾರ್ ಅವರ ಕಣ್ಣುಗಳನ್ನು 2006ರಲ್ಲಿ ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಮಗ ಪುನೀತ್ ತೀರಿಕೊಂಡಾಗ ಅವರ ಕಣ್ಣುಗಳೂ ಬೆಂಗಳೂರಿನ ನಾರಾಯಣ ನೇತ್ರಾಲಯಕ್ಕೆ ಬಂದವು. ವೈದ್ಯರು ಪದರಗಳನ್ನು ಬೇರ್ಪಡಿಸಿದ್ದರಿಂದ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಮುಂದಿನ ದಿನಗಳಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು.

ಕಾರ್ನಿಯಾದ ತೀರಾ ಹಿಂದಿನ ಪದರ ಒಂದೇ ಸಾಲು ಜೀವಕೋಶಗಳದ್ದು. ನೀರನ್ನು ಹೊರಹಾಕಿ ಕಾರ್ನಿಯಾವನ್ನು ತಿಳಿಯಾಗಿಡುವ ಪಂಪು ಅದು. ಸತ್ತ ಕೋಶದ ಜಾಗಕ್ಕೆ ಅಲ್ಲಿ ಹೊಸದು ಹುಟ್ಟುವುದಿಲ್ಲ. ಕ್ಯೋಟೋದ ಶಿಗೆರು ಕಿನೊಷಿತಾ ತಂಡ ದಾನಿಯ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಸೂಜಿಯಿಂದ ಕಣ್ಣಿಗೆ ಬಿಟ್ಟಿತು. 11 ರೋಗಿಗಳ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. 2023ರಲ್ಲಿ ಜಪಾನ್ ಇದಕ್ಕೆ ಒಪ್ಪಿಗೆ ಕೊಟ್ಟಿತು. ಇಲ್ಲಿಯೂ ಆರಂಭಕ್ಕೆ ದಾನಿಯ ಕಣ್ಣು ಬೇಕೇ ಬೇಕು. ಅದೂ ಬೇಡವೆನ್ನುವ ಪ್ರಯತ್ನ ಒಸಾಕಾದ ಕೋಜಿ ನಿಷಿದಾ ಅವರದು. ಬೇರೆ ಜೀವಕೋಶಗಳನ್ನು ಆಕರಕೋಶದ ಸ್ಥಿತಿಗೆ ಮರಳಿಸಿ, ಅವುಗಳಿಂದ ಕಾರ್ನಿಯಾದ ಹೊದಿಕೆಯನ್ನು ಬೆಳೆಸಿ, 2019ರಿಂದ ನಾಲ್ವರಿಗೆ ಹಾಕಿ ನೋಡಿದರು. 2024ರ ವರದಿಯಂತೆ ನಾಲ್ವರ ದೃಷ್ಟಿಯೂ ಸುಧಾರಿಸಿತು. ಮೂವರಲ್ಲಿ ಅದು ವರ್ಷ ಕಳೆದರೂ ಉಳಿಯಿತು, ನಾಲ್ಕನೆಯವರಲ್ಲಿ ಉಳಿಯಲಿಲ್ಲ.