ಈಜಿಪ್ತಿನ ಕೆಳಗೆ ಏನಿತ್ತು?

ಗವಿಮಠದ ಜಾತ್ರೆಯ ಮರುದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ನಮಸ್ಕಾರ, ಚಹಾ, ಊರಿನ ಸುದ್ದಿ ಎಲ್ಲ ಮುಗಿದ ಮೇಲೆ, "ಸರ್, ನಿಮ್ಮಿಂದ ಒಂದು ಕೆಲಸ ಆಗಬೇಕಾಗೇತ್ರಿ" ಎಂದು ಚೀಲದಿಂದ ಲ್ಯಾಪ್‌ಟಾಪ್ ತೆಗೆದ. ಯಾವುದೋ ಪ್ರಮಾಣಪತ್ರಕ್ಕೆ ಸಹಿ ಬೇಕಾಗಿರಬಹುದೆಂದು ನಾನು ಕನ್ನಡಕ ಹುಡುಕತೊಡಗಿದೆ. ಅವನು ತೆರೆದು ತೋರಿಸಿದ್ದು ಒಂದು ಆಟವನ್ನು.

ಆಟದ ಹೆಸರು ಝೀರೋ ಎ.ಡಿ. ಕ್ರಿ.ಪೂ. 1 ಆದ ಮೇಲೆ ನೇರವಾಗಿ ಕ್ರಿ.ಶ. 1 ಬರುತ್ತದೆ, ಸೊನ್ನೆಯ ವರ್ಷವೆಂಬುದು ಇಲ್ಲವೇ ಇಲ್ಲ ಎಂದು ನಾನು ತಕ್ಷಣ ತಿದ್ದಿದೆ. ಮೂವತ್ತು ವರ್ಷದ ಚಟ! ಅದು ಆಟ ಮಾಡಿದವರಿಗೂ ಗೊತ್ತಂತೆ. ಗೊತ್ತಿದ್ದೇ ಆ ಹೆಸರನ್ನು ಇಟ್ಟಿದ್ದಾರಂತೆ. 2001ರಿಂದ ಹಲವು ದೇಶಗಳ ಉತ್ಸಾಹಿಗಳು ಸಂಬಳವಿಲ್ಲದೆ ಕಟ್ಟುತ್ತ ಬಂದಿರುವ ಆಟವಿದು. ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು, ಒಳಗಿನ ಬರಹವನ್ನು ನೋಡಬಹುದು, ತಿದ್ದಬಹುದು. ಗ್ರೀಕರು, ರೋಮನರು, ಕಾರ್ತೇಜಿನವರು, ನಮ್ಮ ಮೌರ್ಯರು ಎಲ್ಲರೂ ಅದರಲ್ಲಿದ್ದಾರೆ. 2018ರಲ್ಲಿ ಕುಶ್ ರಾಜ್ಯದವರನ್ನೂ ಸೇರಿಸಿದರು. ಆಟದ ಜೊತೆಗೇ ಬರುವ 'ಅಟ್ಲಾಸ್' ಎಂಬ ಸಲಕರಣೆಯಿಂದ ನೆಲವನ್ನು ಏರಿಸಿ ಇಳಿಸಿ, ನೀರು ಹರಿಸಿ, ಮರ, ಕಲ್ಲು, ಗಣಿಗಳನ್ನು ಇಟ್ಟು ನಮ್ಮದೇ ನಕ್ಷೆಯನ್ನು ಸಿದ್ಧಪಡಿಸಬಹುದು. ಅವನು ಎರಡು ನಕ್ಷೆಗಳನ್ನು ಮಾಡಲು ಹೊರಟಿದ್ದ. ಒಂದು, ಅಶೋಕನ ಕಾಲದ ಕೊಪ್ಪಳ ಸೀಮೆ. ಇನ್ನೊಂದು, ಅದೇ ಕಾಲದ ಕುಶ್. "ಎರಡೂ ಸುಳ್ಳಾಗಬಾರದು ಸರ್, ನೀವು ನೋಡಿ ಹೇಳ್ರಿ" ಎಂದ.

ಕುಶ್ ಎಂಬ ಹೆಸರು ಕೇಳಿದೊಡನೆ ನನಗೆ 1999ರ ಸುಮಾರಿನ ಎಂಟನೆಯ ತರಗತಿಯ ಒಂದು ಮಧ್ಯಾಹ್ನ ನೆನಪಾಯಿತು. ಗೋಡೆಯ ಮೇಲೆ ಆಫ್ರಿಕದ ಭೂಪಟ. ನೈಲ್ ನದಿ, ಪಿರಮಿಡ್ಡು, ಮಮ್ಮಿ ಎಲ್ಲ ಮುಗಿಸಿ ಪುಸ್ತಕ ಮುಚ್ಚುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು, "ಸರ್, ಈಜಿಪ್ತಿನ ಕೆಳಗ ಏನಿತ್ರಿ?" ಎಂದು ಕೇಳಿದ. "ಏನೂ ಇರಲಿಲ್ಲ. ಮರಳು, ಆಮೇಲೆ ಕಾಡು. ಕುಂದರು" ಎಂದೆ. ಹುಡುಗ ಕುಳಿತ. ಮೊನ್ನೆ ಲ್ಯಾಪ್‌ಟಾಪ್ ಹಿಡಿದು ನನ್ನ ಮುಂದೆ ಕುಳಿತವನು ಅವನೇ. ಕೇಳಿದರೆ, "ನನಗ ನೆನಪಿಲ್ರಿ ಸರ್" ಎಂದು ನಕ್ಕ. ನನಗೆ ನೆನಪಿದೆ.

ಈಜಿಪ್ತಿನ ಕೆಳಗೆ, ಇಂದಿನ ಸುಡಾನಿನಲ್ಲಿ, ಸಾವಿರಾರು ವರ್ಷ ಬಾಳಿದ ರಾಜ್ಯವಿತ್ತು. ಕ್ರಿ.ಪೂ. ಎಂಟನೆಯ ಶತಮಾನದಲ್ಲಿ ಕುಶ್‌ನ ಅರಸರು ಉತ್ತರಕ್ಕೆ ನಡೆದು ಈಜಿಪ್ತನ್ನೇ ಗೆದ್ದರು. ಪಾಠದಲ್ಲಿ ನಾನು ಬರೀ ಸಂಖ್ಯೆಯಾಗಿ ಹೇಳಿ ದಾಟಿಸಿದ 25ನೆಯ ರಾಜವಂಶ ಇವರದೇ. ಮುಂದೆ ಕ್ರಿ.ಪೂ. 270ರ ಸುಮಾರಿಗೆ ಅವರ ರಾಜಸಮಾಧಿಗಳು ಮೆರೋಯಿ ಎಂಬ ಪಟ್ಟಣಕ್ಕೆ ಸರಿದವು. ಅಲ್ಲಿ ಕಬ್ಬಿಣ ಕರಗಿಸಿದ ಕಿಟ್ಟದ ರಾಶಿಗಳು ಇಂದಿಗೂ ಗುಡ್ಡಗಳಂತೆ ಬಿದ್ದಿವೆ. ಕುಶ್ ಅರಸರು ಕಟ್ಟಿಸಿದ ಪಿರಮಿಡ್ಡುಗಳು ಇನ್ನೂರಕ್ಕೂ ಹೆಚ್ಚು. ಎಣಿಕೆಯಲ್ಲಿ ಈಜಿಪ್ತಿನವನ್ನೂ ಮೀರಿಸುತ್ತವೆ. ಅರ್ಕಮಾನಿ ಎಂಬ ಅರಸನದೆಂದು ತಿಳಿಯಲಾಗುವ ಒಂದು ಕಥೆಯನ್ನು ಗ್ರೀಕ್ ಲೇಖಕ ಡಿಯೊಡೊರಸ್ ಹೇಳಿದ್ದಾನೆ. ಪೂಜಾರಿಗಳು 'ದೇವರ ಅಪ್ಪಣೆಯಾಗಿದೆ, ಪ್ರಾಣ ಬಿಡು' ಎಂದರೆ ಅರಸನು ಪ್ರಾಣ ಬಿಡಬೇಕೆಂಬುದು ಅಲ್ಲಿನ ರೂಢಿ. ಈ ಅರಸ ಗ್ರೀಕರ ತತ್ತ್ವಶಾಸ್ತ್ರವನ್ನು ಓದಿದವನು. ಸೈನಿಕರೊಡನೆ ಗುಡಿಗೆ ನುಗ್ಗಿ ಪೂಜಾರಿಗಳನ್ನೇ ಮುಗಿಸಿದನಂತೆ. ಇದರಲ್ಲಿ ಕಥೆ ಎಷ್ಟು, ಚರಿತ್ರೆ ಎಷ್ಟು ಎಂಬುದು ಬೇರೆ ಮಾತು. ಈತ ನಮ್ಮ ಅಶೋಕನ ಹಿರಿಯ ಸಮಕಾಲೀನ ಎಂಬುದನ್ನು ನಾನು ಒಮ್ಮೆಯೂ ತರಗತಿಯಲ್ಲಿ ಹೇಳಲಿಲ್ಲ.

ಹೇಳಲು ದಾರಿ ಇರಲಿಲ್ಲವೇ? ಅಶೋಕನೇ ತೋರಿಸಿಕೊಟ್ಟಿದ್ದ. ಅವನ 13ನೆಯ ಶಿಲಾಶಾಸನದಲ್ಲಿ ದೂರದ ಐವರು ಅರಸರ ಹೆಸರುಗಳಿವೆ. ಅವರಲ್ಲಿ ಇಬ್ಬರು ಆಫ್ರಿಕದವರು: ತುರಮಾಯ, ಅಂದರೆ ಈಜಿಪ್ತಿನ ಎರಡನೆಯ ಟಾಲೆಮಿ, ಮಕ, ಅಂದರೆ ಇಂದಿನ ಲಿಬಿಯದಲ್ಲಿರುವ ಸೈರೀನಿನ ಮಗಾಸ್. ಈ ಶಾಸನದ ಒಂದು ಪ್ರತಿ ಆಂಧ್ರದ ಎರ್ರಗುಡಿಯಲ್ಲಿದೆ. ಮಗಾಸನ ಅದೇ ಸೈರೀನಿನಲ್ಲಿ ಹುಟ್ಟಿ, ಅಲೆಕ್ಸಾಂಡ್ರಿಯದ ಗ್ರಂಥಾಲಯದಲ್ಲಿ ಕುಳಿತು ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದವನು ಎರಟೋಸ್ಥನೀಸ್. ಅವನು ಲೋಕದ ನಕ್ಷೆಯನ್ನೂ ಬರೆದ. ಅಲೆಕ್ಸಾಂಡ್ರಿಯದಿಂದ ದಕ್ಷಿಣಕ್ಕೆ ಐದು ಸಾವಿರ ಸ್ಟೇಡಿಯಕ್ಕೆ ಸೈಯೀನಿ, ಇನ್ನೈದು ಸಾವಿರಕ್ಕೆ ಮೆರೋಯಿ. ಅಂದರೆ ನಾನು 'ಏನೂ ಇರಲಿಲ್ಲ' ಎಂದ ಊರು ಆ ನಕ್ಷೆಗೆ ಗೂಟ ಬಡಿದ ಜಾಗಗಳಲ್ಲಿ ಒಂದು.

ಇನ್ನೊಂದು ಸ್ವಾರಸ್ಯ ಕೇಳಿರಿ. ಭಾರತದ ದಕ್ಷಿಣದ ತುದಿ ಮೆರೋಯಿಯ ಅಕ್ಷಾಂಶದಲ್ಲೇ ಇದೆಯೆಂದು ಆ ಕಾಲದ ಭೂಗೋಳಜ್ಞರು ನಂಬಿದ್ದರೆಂದು ಸ್ಟ್ರಾಬೋ ಬರೆದಿದ್ದಾನೆ. ಮೆರೋಯಿ ಇರುವುದು ಉತ್ತರ ಅಕ್ಷಾಂಶ ಸುಮಾರು 17 ಡಿಗ್ರಿಯಲ್ಲಿ, ಹೆಚ್ಚು ಕಡಿಮೆ ನಮ್ಮ ವಿಜಯಪುರದ ನೇರಕ್ಕೆ. ಕೊಪ್ಪಳ ಇರುವುದು 15 ಡಿಗ್ರಿ ಚಿಲ್ಲರೆ. ಆ ನಕ್ಷೆಯಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಸಮುದ್ರದಲ್ಲಿ! ಅಲೆಕ್ಸಾಂಡ್ರಿಯದ ಯಾವನೋ ಹುಡುಗ 'ಅದರ ಕೆಳಗೆ ಏನಿದೆ ಗುರುಗಳೇ' ಎಂದು ಕೇಳಿದ್ದರೆ, 'ಏನೂ ಇಲ್ಲ, ನೀರು, ಕುಳಿತುಕೋ' ಎಂಬ ಉತ್ತರ ಸಿಗುತ್ತಿತ್ತು. ಅದೇ ಶತಮಾನದಲ್ಲಿ ಗವಿಮಠದ ಬೆಟ್ಟದ ಬಂಡೆಯ ಮೇಲೆ ಉಳಿ ನಡೆಯುತ್ತಿತ್ತು.

ಇನ್ನು ನಮ್ಮ ನಕ್ಷೆಯ ಮಾತು. ಆಕಾಶನೌಕೆಯೊಂದು 2000ನೆಯ ಇಸವಿಯಲ್ಲಿ ರೇಡಾರಿನಿಂದ ಅಳೆದ ನೆಲದ ಎತ್ತರದ ಲೆಕ್ಕವನ್ನು ಅವನು ಅಂತರ್ಜಾಲದಿಂದ ಇಳಿಸಿ, ಅಟ್ಲಾಸಿನೊಳಗೆ ತುಂಬಿದ್ದ. ಬೆಟ್ಟಗಳು ಚೆನ್ನಾಗಿ ಮೂಡಿದ್ದವು. ಮುನಿರಾಬಾದಿನ ಬಳಿ ಮಾತ್ರ ಕನ್ನಡಿಯಂತೆ ಸಪಾಟು. "ಇದೇನಪಾ?" ಎಂದೆ. ಸ್ವಲ್ಪ ಹೊತ್ತು ನೋಡಿ ತಲೆ ಚಚ್ಚಿಕೊಂಡ. ಅಶೋಕನ ನಾಡಿನಲ್ಲಿ ತುಂಗಭದ್ರಾ ಜಲಾಶಯ ನಿಂತಿತ್ತು! ಅಣೆಕಟ್ಟು ಮುಗಿದದ್ದು 1953ರಲ್ಲಿ. ಅದನ್ನು ಅಳಿಸಿ, ಮುಳುಗಿದ ನದಿಯ ಪಾತ್ರವನ್ನು ಕೈಯಿಂದಲೇ ಕೊರೆಯಬೇಕಾಯಿತು. ಗಂಗಾವತಿಯನ್ನು ಅವನು ತಾನು ಕಂಡಂತೆ ಹಚ್ಚಹಸಿರಾಗಿ ಬಳಿದಿದ್ದ. ಆ ಭತ್ತದ ಹಸಿರು ವಿಜಯನಗರದ ಕಾಲುವೆಗಳಿಂದ, ಅದಕ್ಕೂ ಹೆಚ್ಚಾಗಿ ಎಡದಂಡೆ ನಾಲೆಯಿಂದ ಬಂದದ್ದು. ಅದೂ ಹೋಯಿತು. ಬಳ್ಳಾರಿ ಜಾಲಿಯಂತೆ ಕಾಣುವ ಗಿಡಗಳನ್ನು ಇಟ್ಟಿದ್ದ. ಅದು ಅಮೆರಿಕದ ಗಿಡ, ಬಂದು ಇನ್ನೂರು ವರ್ಷವೂ ಆಗಿಲ್ಲ, ಕೀಳು ಎಂದೆ. ಮೆಣಸಿನಕಾಯಿ, ಶೇಂಗಾ, ಗೋವಿನಜೋಳ ಯಾವುದೂ ಇರಕೂಡದು. "ಹಂಗಾದ್ರ ಏನು ಉಳೀತ್ರಿ ಸರ್?" ಎಂದು ಕೇಳಿದ.

ಉಳಿದದ್ದು ಎರೆ ಹೊಲ, ಮಸಾರಿ ಹೊಲ, ಹುರುಳಿ, ಹೆಸರು, ಸಜ್ಜೆ, ಜೋಳ. ಅಲ್ಲಿಗೆ ಬಂದಾಗ ನಾನೇ ತಡೆದೆ. ಯಲಬುರ್ಗಾ, ಕುಷ್ಟಗಿಯ ಎರೆ ಭೂಮಿಯಲ್ಲಿ ಹಿಂಗಾರಿಗೆ ನಿಲ್ಲುವ ಬಿಳಿಜೋಳವನ್ನು ನಾವು ಮಣ್ಣಿನಲ್ಲೇ ಹುಟ್ಟಿದ್ದೆಂದು ತಿಳಿದಿದ್ದೇವೆ. ಜೋಳ ಆಫ್ರಿಕದ್ದು. ಸಜ್ಜೆ, ರಾಗಿಗಳೂ ಆಫ್ರಿಕದವೇ. ಪೂರ್ವ ಸುಡಾನಿನ ಕಸಲಾ ಪಟ್ಟಣದ ಸಮೀಪ, ಐದು ಸಾವಿರ ವರ್ಷಕ್ಕೂ ಹಿಂದಿನ ಮಡಕೆ ಚೂರುಗಳಲ್ಲಿ ಅಚ್ಚಾಗಿ ಉಳಿದ ಜೋಳದ ಹೊಟ್ಟಿನ ಗುರುತುಗಳನ್ನು ವಿದ್ವಾಂಸರು 2017ರಲ್ಲಿ ಪ್ರಕಟಿಸಿದರು. ಕಾಡುಜೋಳವನ್ನು ಮನುಷ್ಯರು ಪಳಗಿಸುತ್ತಿದ್ದುದಕ್ಕೆ ದೊರೆತ ಅತಿ ಹಳೆಯ ಸಾಕ್ಷ್ಯ ಅದು. ಅಲ್ಲಿಂದ ನೈಲ್‌ವರೆಗೆ ಹರಡಿದ ಬಯಲಿನ ಹೆಸರು ಬುಟಾನ. ಮೆರೋಯಿ ಇರುವುದು ಅದೇ ಬಯಲಿನ ಅಂಚಿನಲ್ಲಿ. ಆ ಬಯಲಿನ ಜೆಬೆಲ್ ಖೈಲಿ ಎಂಬ ಬಂಡೆಯ ಮೇಲೆ ಕುಶ್‌ನ ಅರಸನೊಬ್ಬನ ಎದುರು ಸೂರ್ಯದೇವನು ಜೋಳದ ತೆನೆಗಳನ್ನು ಹಿಡಿದು ನಿಂತ ಚಿತ್ರವಿದೆ. ಕ್ರಿ.ಪೂ. ಎರಡನೆಯ ಸಹಸ್ರಮಾನದಲ್ಲಿ ಆಫ್ರಿಕದ ಧಾನ್ಯಗಳು ಒಂದೊಂದಾಗಿ ಭಾರತಕ್ಕೆ ಬಂದವು. ಯಾವ ಅರಸನೂ ಕಳುಹಿಸಲಿಲ್ಲ, ಯಾವ ಶಾಸನವೂ ಬರೆಯಲಿಲ್ಲ. 'ಏನೂ ಇರಲಿಲ್ಲ' ಎಂದ ಆ ಮಧ್ಯಾಹ್ನವೂ ನನ್ನ ಡಬ್ಬಿಯಲ್ಲಿದ್ದುದು ಜೋಳದ ರೊಟ್ಟಿಯೇ.

ಮೂರನೆಯ ದಿನ ಜಗಳವಾಯಿತು, ಸುವರ್ಣಗಿರಿಯ ವಿಷಯದಲ್ಲಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದಲ್ಲಿ, ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಅಧಿಕಾರಿಗಳಿಗೆ ಆಜ್ಞೆ ಕಳುಹಿಸಿದ್ದಾರೆ. ಅದು ನಮ್ಮ ಕನಕಗಿರಿಯೇ ಎಂದು ಕೆಲವರು. ಮಸ್ಕಿಯೆಂದು, ಆಂಧ್ರದ ಜೊನ್ನಗಿರಿಯೆಂದು ಇನ್ನು ಕೆಲವರು. ಅವನು ಕನಕಗಿರಿಯಲ್ಲಿ ಕೋಟೆ ಕಟ್ಟಿ, ಬಾವುಟ ನೆಟ್ಟು, ಹೆಸರನ್ನೂ ಬರೆದಿದ್ದ. "ನಮ್ಮೂರ ಕಡೀದು, ಇರಲಿ ಬಿಡ್ರಿ ಸರ್" ಎಂದ. ಒಪ್ಪಿಬಿಡಬೇಕೆಂಬ ಆಸೆ ನನಗೂ ಇತ್ತು. ಊರಿನ ಅಭಿಮಾನ ಯಾರಿಗಿಲ್ಲ? ಆದರೆ ಒಮ್ಮೆ ಗೊತ್ತಿಲ್ಲದ್ದಕ್ಕೆ 'ಏನೂ ಇಲ್ಲ' ಎಂದವನು ನಾನು. ಈಗ ಗೊತ್ತಿಲ್ಲದ್ದಕ್ಕೆ 'ಇಲ್ಲೇ ಇದೆ' ಎನ್ನಲು ಬಾಯಿ ಬರಲಿಲ್ಲ. ಕೋಟೆ ಉಳಿಯಿತು, ಹೆಸರು ಹೋಯಿತು. ಅವನಿಗೆ ಬೇಸರವಾದದ್ದು ಕಂಡಿತು.

ಒಂದು ವಿಷಯದಲ್ಲಿ ಮಾತ್ರ ಆಟವೇ ನನಗೆ ಪಾಠ ಹೇಳಿತು. ನಮ್ಮ ಪಠ್ಯಪುಸ್ತಕದಲ್ಲಿ ಮೌರ್ಯ ಸಾಮ್ರಾಜ್ಯಕ್ಕೆ ಕಂದಹಾರದಿಂದ ಚಿತ್ರದುರ್ಗದವರೆಗೆ ಒಂದೇ ಬಣ್ಣ. ನಾನೂ ಮಕ್ಕಳಿಂದ ಹಾಗೆಯೇ ಬಳಿಸಿ ಅಂಕ ಕೊಟ್ಟೆ. ಈ ಆಟದಲ್ಲಿ ಗಡಿ ಹಾಗೆ ಬೀಳುವುದಿಲ್ಲ. ಕಟ್ಟಡ ಕಟ್ಟಿದಲ್ಲಿ ಅದರ ಸುತ್ತ ಒಂದಿಷ್ಟು ನೆಲ ನಮ್ಮದಾಗುತ್ತದೆ. ನಡುವಿನದು ಯಾರದೂ ಅಲ್ಲ. ಶಾಸನಗಳನ್ನು ಗುರುತಿಸಿ ನೋಡಿದರೆ ನಿಜವೂ ಹಾಗೆಯೇ ಕಾಣುತ್ತದೆ. ಗವಿಮಠ, ಪಾಲ್ಕಿಗುಂಡು, ಮಸ್ಕಿ, ತುಂಗಭದ್ರೆಯಾಚೆ ನಿಟ್ಟೂರು, ಉಡೇಗೊಳ. ಎಲ್ಲ ಚಿನ್ನದ ಸೀಮೆಯ ಸುತ್ತಮುತ್ತ. ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡ ಬೀಡನ್ ಕೂಡ ಚಿನ್ನದ ಗಣಿಯ ಎಂಜಿನಿಯರೇ. ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ಸುಮಾರು ನಾನೂರು ಶಿಲಾಸಮಾಧಿಗಳನ್ನು ನಿಲ್ಲಿಸಿದ ಜನ ಆ ಬಣ್ಣದ ಒಳಗಿದ್ದರೋ ಹೊರಗಿದ್ದರೋ? ಊರವರು ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಆ ಮೋರ್ಯರು ಪಾಟಲಿಪುತ್ರದವರಲ್ಲ, ಕಥೆಯ ಗಿಡ್ಡ ಮನುಷ್ಯರು. ಆಟದಲ್ಲಿ ಯಾರ ಪಕ್ಷಕ್ಕೂ ಸೇರದ ಒಂದು ವರ್ಗವಿದೆ. ಹಿರೇಬೆಣಕಲ್ಲನ್ನು ಅದಕ್ಕೆ ಸೇರಿಸಿದೆವು.

ಕುಶ್ ನಕ್ಷೆ ಇನ್ನೂ ಅರ್ಧವಾಗಿದೆ. ಅಲ್ಲಿಗೆ ಹೋಗಿ ಬಂದವರನ್ನು ಕೇಳೋಣವೆಂದರೆ 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಖಾರ್ಟೂಮಿನ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನೇ ದೋಚಿದರು. ಮೆರೋಯಿಯ ಜನ ತಮ್ಮ ಮಾತನ್ನು ತಮ್ಮದೇ ಲಿಪಿಯಲ್ಲಿ ಬರೆದಿಟ್ಟಿದ್ದಾರೆ. ಅದರ ಅಕ್ಷರಗಳ ಉಚ್ಚಾರವನ್ನು ಗ್ರಿಫಿತ್ ಎಂಬ ವಿದ್ವಾಂಸ ನೂರು ವರ್ಷಗಳ ಹಿಂದೆಯೇ ಕಂಡುಹಿಡಿದ. ಆದರೆ ಓದಿದ್ದರ ಅರ್ಥ ಬಹುಪಾಲು ಇಂದಿಗೂ ಆಗಿಲ್ಲ. ನಮ್ಮ ಬ್ರಾಹ್ಮಿಯನ್ನು 1837ರಲ್ಲಿ ಪ್ರಿನ್ಸೆಪ್ ಓದಿದ್ದರಿಂದ ಗವಿಮಠದ ಬಂಡೆ 1931ರಲ್ಲಿ ಬೆಳಕಿಗೆ ಬಂದೊಡನೆ ಮಾತಾಡಿತು.

ಆಟ ಆರಂಭವಾಗುವ ಮೊದಲು ಪ್ರತಿ ನಕ್ಷೆಗೂ ನಾಲ್ಕು ಸಾಲಿನ ವಿವರಣೆ ಬೇಕಂತೆ. ಕೊಪ್ಪಳದ್ದನ್ನು ಬರೆದು ಕಳುಹಿಸಿದ್ದೇನೆ. ಮೆರೋಯಿಯದ್ದನ್ನು ಮೂರು ಸಲ ಬರೆದು ಹರಿದೆ. ಪ್ರತಿ ಸಲವೂ ಜೋಳದಿಂದಲೇ ಆರಂಭವಾಗುತ್ತಿದೆ. ಯಲಬುರ್ಗಾ, ಕುಷ್ಟಗಿ ಕಡೆಯಲ್ಲಿ ಒಕ್ಕಲುತನ ಮಾಡಿಕೊಂಡಿರುವ ನನ್ನ ವಿದ್ಯಾರ್ಥಿಗಳು, ನಿಮ್ಮ ಮನೆಯ ಹಿರಿಯರು ಬಿತ್ತುತ್ತಿದ್ದ ಹಳೆಯ ಜೋಳದ ತಳಿಗಳ ಹೆಸರುಗಳನ್ನು ಬರೆದು ತಿಳಿಸಿರಿ. ತೆನೆ ಬಿಗಿಯಾಗಿತ್ತೋ ಸಡಿಲಾಗಿತ್ತೋ, ಕಾಳಿನ ಬಣ್ಣ ಯಾವುದು ಎಂಬುದನ್ನೂ ಬರೆಯಿರಿ.